ಭೂಶಿರ ತೋರಿಸಿದ ಟೀಚರ್

ಟೀಚರ್ ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರು. ಸಿಕ್ಕ ಎಲೆಯನ್ನೆಲ್ಲ ಚಿವುಟಿ, ಹೊಸಕಿ, ಮೂಸಿ, ಆಮೇಲೆ ಅದೇ ಬೆರಳನ್ನು ಪಕ್ಕದವರ ಮೂಗಿನಡಿಗೆ ಚಾಚುವುದು ಅವರ ಅಭ್ಯಾಸ. ಅಮೆರಿಕದ ಏಪೆಕ್ಸ್ ಊರಿನ ನಮ್ಮ ಬೀದಿಯವರು ಹುಲ್ಲನ್ನು ಒಂದೇ ಮಟ್ಟಕ್ಕೆ ಕತ್ತರಿಸಿ ಕಳೆಗೆ ಔಷಧಿ ಹೊಡೆಯುವ ಜನ. ಅಂಥಲ್ಲಿ ಬೇಲಿಯಂಚಿಗೆ ಬಗ್ಗಿ ಕಳೆಗಿಡ ಮೂಸುತ್ತಿದ್ದ ಹೆಂಗಸನ್ನು ಮೊದಲ ಸಲ ಕಂಡಾಗ, ಪಾಪ, ಏನೋ ಕಳೆದುಕೊಂಡಿದ್ದಾರೆ ಅಂದುಕೊಂಡಿದ್ದೆ.

ಉಡುಪಿ ಕಡೆಯ ಕ್ರೈಸ್ತರು. ಪಕ್ಕದೂರು ಡರ್ಹಮ್ಮಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದರು. ಒಂಟಿ ಜೀವ. ಬೀದಿಯ ಕನ್ನಡದವರಿಗೆಲ್ಲ ಅವರು ಬರೀ 'ಟೀಚರ್'.

ಕೋವಿಡ್ ಕಾಲದಲ್ಲಿ ಮೈಸೂರಿನಲ್ಲಿ ನನ್ನ ಅಪ್ಪ ತೀರಿಕೊಂಡರು. ಹೋದರೆ ವೀಸಾ ಸ್ಟ್ಯಾಂಪ್ ಆಗಿ ವಾಪಸು ಬರುವ ಖಾತ್ರಿ ಇರಲಿಲ್ಲ. ಅಪ್ಪನ ಚಿತೆಯನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟ ಫೋನಿನಲ್ಲಿ ನೋಡಿದೆ. ಮರುವರ್ಷ ಗ್ರೀನ್ ಕಾರ್ಡ್ ಬಂತು. ಇನ್ನು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು, ಹೋಗಬೇಕಾದ ಜಾಗವೇ ಉಳಿದಿರಲಿಲ್ಲ. ಒಂದು ಸಂಜೆ ಟೀಚರ್ ಬಂದು ಬಾಗಿಲಲ್ಲೇ ನಿಂತು ಹೇಳಿದರು: "ನೀನು ಹೀಗೆ ಒಳಗೇ ಕೂತ್ರೆ ಆಗುದಿಲ್ಲ ಮಾರಾಯ್ತಿ. ಮೇ ತಿಂಗಳಲ್ಲಿ ನನ್ನೊಟ್ಟಿಗೆ ಬಾ. ಒಂದು ಜಾಗ ಉಂಟು."

ಇಟಲಿಗೆ ಸೇರಿದ ದ್ವೀಪವೊಂದರ ಭೂಶಿರ ಅದು. ವರ್ಷಗಳಿಂದ ಅವರು ಪ್ರತಿ ಮೇ ತಿಂಗಳು ಅಲ್ಲಿಗೆ ಹೋಗುತ್ತಿದ್ದರು. ಬುಡದ ಹಳ್ಳಿಯಲ್ಲಿ ಒಬ್ಬ ವಿಧವೆಯ ಮನೆಯ ಹಿಂಬದಿ ಕೋಣೆಯಲ್ಲಿ ಇಳಿಯುವುದು. ಅವಳೊಂದಿಗೆ ಹರಟಲೆಂದೇ ಇಟಾಲಿಯನ್ ಕಲಿತಿದ್ದರು. ಟೀಚರ್ ಬಸ್ಸಿಳಿಯುತ್ತಲೇ ಆಕೆ ಏಪ್ರನ್ನಿನಲ್ಲಿ ಕೈ ಒರೆಸುತ್ತ ರಸ್ತೆಗೇ ಬಂದು ಅವರ ಎರಡೂ ಕೆನ್ನೆ ಹಿಡಿದುಕೊಂಡದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಮೆರಿಕದಲ್ಲಿ ಅವರನ್ನು ಯಾರೂ ಹಾಗೆ ಹಿಡಿದುಕೊಂಡದ್ದನ್ನು ನಾನು ನೋಡಿಲ್ಲ.

ಹಳ್ಳಿಯಿಂದ ಆಡುಗಳ ಕಾಲುದಾರಿ ಹಿಡಿದು ಹತ್ತಬೇಕು. ಕಾಲಡಿಗೆ ಬಿಳಿ ಸುಣ್ಣಕಲ್ಲು, ಸುತ್ತ ಮಂಡಿಯೆತ್ತರದ ಪೊದೆ. ಒಂದು ಗಿಡ ಸವರಿದರೆ ಓಮದ ವಾಸನೆ, ಇನ್ನೊಂದಕ್ಕೆ ಸೋಂಪಿನದು, ಮತ್ತೊಂದಕ್ಕೆ ಚರ್ಚಿನ ಧೂಪದ್ದು. ಗಾಳಿಯ ಹೊಡೆತಕ್ಕೆ ಜೂನಿಪರ್ ಮರಗಳೆಲ್ಲ ಒಂದೇ ದಿಕ್ಕಿಗೆ ಬಾಗಿ, ತಲೆ ಬಾಚಿಸಿಕೊಂಡ ಹಾಗೆ ನಿಂತಿದ್ದವು. ತುದಿ ಮುಟ್ಟಿದಾಗ ಮೂರು ಕಡೆಯೂ ಸಮುದ್ರ. ನಾನು ಬೆರಗಿನಿಂದ ಫೋನ್ ತೆಗೆದೆ.

"ಮೊದಲು ಕೂತ್ಕೊ," ಎಂದರು ಟೀಚರ್. "ನಿಂತವರಿಗೆ ಸಮುದ್ರ ಮಾತ್ರ ಕಾಣುದು."

ಕೂತ ಮೇಲೆ ಒಂದೊಂದೇ ಕಾಣತೊಡಗಿದವು. ಕಲ್ಲಿನ ಬಿರುಕಲ್ಲಿ ಉಗುರಿನಷ್ಟು ಆರ್ಕಿಡ್ ಹೂ. ನಮಗಿಂತ ಕೆಳಗೆ ಹಾರುತ್ತಿದ್ದ ಗಿಡುಗದ ಬೆನ್ನು. ಪೊದೆಯಡಿಯಿಂದ ಹೊರಟು ನನ್ನ ಬೂಟನ್ನು ಕಲ್ಲೆಂದೇ ತಿಳಿದು ಹತ್ತಲು ನೋಡಿದ ಒಂದು ಆಮೆ. ನಾನು ನಕ್ಕುಬಿಟ್ಟೆ. ಅಪ್ಪ ಹೋದ ಮೇಲೆ ಅದೇ ಮೊದಲು. ನಗುತ್ತ ನಗುತ್ತಲೇ ಅಳು ಬಂತು. ಟೀಚರ್ ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ಆ ವರ್ಷ ಗೌರಿ ಹಬ್ಬಕ್ಕೆ ಅವರನ್ನು ಶ್ಯಾಂಟಿಲಿ ಎಂಬ ಊರಿನಲ್ಲಿದ್ದ ನನ್ನ ಅಕ್ಕನ ಮನೆಗೆ ಕರೆದುಕೊಂಡು ಹೋಗಿದ್ದೆ. ಊಟವಾದ ಮೇಲೆ ಅವರು ಟಿವಿಯಲ್ಲಿ ಭೂಶಿರದ ಫೋಟೋ ತೋರಿಸಿದರು. ಭಾವ ಸೋಫಾದಿಂದ ಎದ್ದೇಬಿಟ್ಟರು.

"ಟೀಚರ್, ವಾವ್! ನಮ್ಮ ಮಗಳ ಮದುವೆಗೆ ಇಂಥ ಲೊಕೇಶನ್ನೇ ಹುಡುಕ್ತಾ ಇದ್ವಿ. ನೀವೂ ಬರಲೇಬೇಕು."

ಮುಂದಿನ ಬೇಸಿಗೆಗೆ, ಜುಲೈ ತಿಂಗಳಿಗೆ ಎಲ್ಲ ನಿಶ್ಚಯವಾಯಿತು. ಸುದ್ದಿ ಕೇಳಿದಾಗ ಟೀಚರ್ ನನ್ನೆದುರೇ ಭಾವನಿಗೆ ಫೋನ್ ಮಾಡಿದರು. "ಜುಲೈಯಲ್ಲಿ ಅಲ್ಲಿ ಹುಲ್ಲೆಲ್ಲ ಬೆಂಕಿಪೊಟ್ಟಣದ ಹಾಗೆ ಇರ್ತದೆ. ಸಂಜೆ ಗಾಳಿ ಏಳ್ತದೆ. ಊಟ ಮಾಡಿ, ಡಾನ್ಸ್ ಮಾಡಿ, ಬೆಂಕಿಯದ್ದು ಎಂತದೂ ಬೇಡ."

"ಡೋಂಟ್ ವರಿ ಟೀಚರ್, ಎಲ್ಲಾ ಇವೆಂಟ್‌ನವರು ಹ್ಯಾಂಡಲ್ ಮಾಡ್ತಾರೆ," ಎಂದರು ಭಾವ.

ತಾನಿದ್ದರೆ ಒಂದು ಕಣ್ಣಿಟ್ಟಿರಬಹುದು ಎಂದೇ ಟೀಚರ್ ಹೊರಟದ್ದು. ಮದುವೆಯ ದಿನ ರೇಷ್ಮೆ ಸೀರೆಯುಟ್ಟು ಬಂದವರು, ಪೊದೆ ಕಡಿದು ಮಂಟಪ ಹಾಕಿದ್ದು ನೋಡಿ ಕಡಿದುಬಿದ್ದ ರೆಂಬೆಯೊಂದರ ಎಲೆ ಚಿವುಟಿ ಮೂಸಿದರು. ಸೂರ್ಯ ಮುಳುಗುವ ಹೊತ್ತಿಗೆ ಹುಡುಗನ ಗೆಳೆಯರು ಬಣ್ಣದ ಹೊಗೆ ಕಾರುವ ಕಡ್ಡಿಗಳನ್ನು ಹೊತ್ತಿಸಿದರು. ಟೀಚರ್ ಸೀರೆ ಎತ್ತಿಹಿಡಿದು, "ಬೇಡ, ಬೇಡ!" ಎಂದು ಓಡಿದರು. ಡೋಲಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಯಾರೋ ಅವರ ಕೈ ಹಿಡಿದು ಕುಣಿಸಲು ನೋಡಿದರು. ಅಷ್ಟರಲ್ಲಿ ಒಂದು ಕಡ್ಡಿ ಉರುಳಿ ಇಳಿಜಾರಿಗೆ ಬಿತ್ತು.

ಜನಕ್ಕೇನೂ ಆಗಲಿಲ್ಲ, ಎಲ್ಲರನ್ನೂ ಕೆಳಗಿಳಿಸಿ ಬಸ್ಸು ಹತ್ತಿಸಿದರು. ಭೂಶಿರದ ಪಡುವಣ ಮೈಯಷ್ಟೂ ಬೆಳಗಿನವರೆಗೆ ಉರಿಯಿತು. ವಿಧವೆಯ ಆಲಿವ್ ಮರಗಳೂ ಅದೇ ಮಗ್ಗುಲಲ್ಲಿದ್ದವು. ಪೊಲೀಸಿನವನು ಕೇಳಿದಾಗ ಭಾವ ಟೀಚರ್ ಕಡೆ ಕೈ ತೋರಿಸಿ ಇಂಗ್ಲಿಷಿನಲ್ಲಿ ಹೇಳಿದರು: "ಷಿ ಈಸ್ ಅವರ್ ಗೈಡ್. ಜಾಗ ತೋರಿಸಿದ್ದೇ ಇವರು. ರಿಸ್ಕ್ ಇದೆ ಅಂತ ನಮಗೆ ಹೇಳಲೇ ಇಲ್ಲ."

ನಾನು ಮುಂದೆ ಬಂದು ಫೋನಿನ ಮಾತುಕತೆಯನ್ನು ಹೇಳಿದೆ. "ಸುಮ್ನಿರೇ, ಮಗು ಮದುವೆ ದಿನ," ಎಂದು ಅಕ್ಕ ನನ್ನ ರಟ್ಟೆ ಹಿಡಿದೆಳೆದಳು. ಪೊಲೀಸಿನವನು ನಾನು ಹೇಳಿದ್ದನ್ನೂ ಕೇಳಿಕೊಂಡ. ಆದರೆ ಬೆಳಗಾಗುವಷ್ಟರಲ್ಲಿ ಹಳ್ಳಿಗೆ ಹಬ್ಬಿದ್ದು ಭಾವನ ಮಾತು.

ಮರುದಿನ ಟೀಚರ್ ಸುಟ್ಟ ಇಳಿಜಾರಿನಲ್ಲಿ ನಡೆದಾಡಿ, ಸಿಕ್ಕ ಆಮೆಯ ಚಿಪ್ಪುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಸೀರೆ ಬದಲಿಸಿರಲಿಲ್ಲ. ಚಿಪ್ಪುಗಳನ್ನು ಹಳ್ಳಿಯಾಚೆ ಒಂದು ಗುಂಡಿಯಲ್ಲಿ ಹೂತು, ಹಾಗೇ ವಿಧವೆಯ ಮನೆಗೆ ಹೋಗಿ ಬಾಗಿಲು ತಟ್ಟಿದರು. ನಾನು ಬೀದಿಯಲ್ಲಿ ನಿಂತಿದ್ದೆ. ಒಳಗಿಂದ ಸದ್ದಿಲ್ಲ. ಹೆಸರು ಹಿಡಿದು ಕರೆದರು, ಮತ್ತೆ ತಟ್ಟಿದರು. "ಮನೆಯಲ್ಲಿ ಇಲ್ಲ ಕಾಣ್ತದೆ," ಎಂದು ವಾಪಸು ಬಂದರು. ಅಡುಗೆಮನೆಯ ಚಿಮಣಿಯಲ್ಲಿ ಹೊಗೆ ಏಳುತ್ತಿತ್ತು. ಅವರೂ ಅದನ್ನು ನೋಡಿದ್ದರು.

ಆಮೇಲೆ ಅವರು ಅಲ್ಲಿಗೆ ಹೋಗಲಿಲ್ಲ. ಏಪೆಕ್ಸಿನಲ್ಲಿ ವಾಕಿಂಗ್ ನಿಂತಿತು. ನಾನು ಕರೆದರೆ, "ಇವತ್ತು ಬೇಡ ಮಗಾ," ಎನ್ನುತ್ತಿದ್ದರು. ಶ್ಯಾಂಟಿಲಿಯಲ್ಲಿ ಮದುವೆಯ ವಿಡಿಯೋ ತೋರಿಸಿದಾಗ ಮಂಟಪದ ಹಿಂದೆ ಆಕಾಶ ಕೇಸರಿಯಾಗಿ ಉರಿಯುತ್ತಿತ್ತು. ನೆಂಟರು "ಎಂಥಾ ಸನ್‌ಸೆಟ್!" ಎಂದರು. ಯಾರೂ ತಿದ್ದಲಿಲ್ಲ. ಟೀಚರ್‌ಗೆ ಒಂದು ಕ್ಷಮೆಯ ಮಾತಾದರೂ ಹೇಳಿದಿರಾ ಎಂದು ಭಾವನನ್ನು ಕೇಳಿದೆ. "ಯಾತಕ್ಕೆ? ಎಲ್ಲಾ ಇನ್ಶೂರೆನ್ಸ್ ಕವರ್ ಮಾಡ್ತಲ್ಲಮ್ಮಾ," ಎಂದರು. ಅಕ್ಕನ ಮನೆಗೆ ನಾನು ಹೋದದ್ದು ಅದೇ ಕೊನೆ.

ಮುಂದಿನ ಚಳಿಗಾಲದಲ್ಲಿ ಟೀಚರ್‌ಗೆ ಕ್ಯಾನ್ಸರ್ ಎಂದು ತಿಳಿಯಿತು. ತಿಳಿದಾಗಲೇ ತಡವಾಗಿತ್ತು. ಡರ್ಹಮ್ಮಿನ ಆಸ್ಪತ್ರೆಯಲ್ಲಿ, ಔಷಧಿಯ ಮಂಪರಿನಲ್ಲಿ ಅವರು ಇಟಾಲಿಯನ್ನಿನಲ್ಲಿ ಮಾತಾಡುತ್ತಿದ್ದರು. ಯಾರಿಗೋ ಏನನ್ನೋ ವಿವರಿಸುವ ದನಿ. ಆ ಭಾಷೆ ನನಗೆ ಬಾರದು. ಈಸ್ಟರ್‌ಗೆ ಮುಂಚೆಯೇ ಹೋಗಿಬಿಟ್ಟರು.

ಮೇ ತಿಂಗಳಲ್ಲಿ ನಾನೊಬ್ಬಳೇ ಆ ಹಳ್ಳಿಗೆ ಹೋದೆ. ವಿಧವೆ ಬಾಗಿಲು ತೆರೆದಳು. ಫೋನಿನ ಅನುವಾದದ ಸಹಾಯದಿಂದ ನಡೆದದ್ದನ್ನೆಲ್ಲ ಹೇಳಿದೆ: ಟೀಚರ್ ಬೇಡ ಎಂದದ್ದು, ಓಡಿದ್ದು, ಈಗ ಇಲ್ಲವಾದದ್ದು. ಆಕೆ ಅಡುಗೆಮನೆಯ ಮೇಜಿನ ಮೇಲಿಟ್ಟ ಫೋನಿನ ಹತ್ತಿರ ಬಾಗಿ ಒಂದು ಮಾತು ಆಡಿದಳು. ಪರದೆಯ ಮೇಲೆ ಅದು ಕನ್ನಡದಲ್ಲಿ ಮೂಡಿತು:

"ಅವಳು ತಟ್ಟಿದ್ದು ಕೇಳಿಸಿತ್ತು. ಬಾಗಿಲಿನ ಈಚೆಯೇ ನಿಂತಿದ್ದೆ."