ಇಂಗ್ಲಿಷಿನಲ್ಲಿ ತಾಳಮದ್ದಳೆ

ಕಂಪೆನಿಯ ದೊರೆ ಮೊದಲ ಸಲ ನನ್ನ ಹೆಸರು ಕೇಳಿದಾಗ ನಾನು ಹೇಳಲಿಲ್ಲ. ಗೊತ್ತಿರಲಿಲ್ಲ ಎಂದಲ್ಲ. ಹೈಸ್ಕೂಲು ಮುಗಿಸಿದವನು, ಇಂಗ್ಲಿಷಿನಲ್ಲಿ ಕ್ಲಾಸಿಗೆ ಎರಡನೆಯವನು. ಉತ್ತರ ಪೂರ್ತಿ ವಾಕ್ಯವಾಗಿ ತಲೆಯೊಳಗೆ ತಯಾರಿತ್ತು. ಬಾಯಿ ಮಾತ್ರ ತೆರೆಯಲಿಲ್ಲ. ದೊರೆ ಮತ್ತೊಮ್ಮೆ ಕೇಳಿದರು. ನಾನು ನಕ್ಕೆ. ಇನ್ನೂ ಗಟ್ಟಿಯಾಗಿ ಕೇಳಿದರು. ನಾನು ಇನ್ನೂ ಅಗಲವಾಗಿ ನಕ್ಕೆ.

"ಇವನಿಗೆ ಕಿವಿ ಕೇಳುವುದಿಲ್ಲವೇ?" ಎಂದು ದೊರೆ ಹೆಡ್ ಗುಮಾಸ್ತರನ್ನು ವಿಚಾರಿಸಿದರು.

"ಕೇಳುತ್ತದೆ ಸಾರ್. ನಾಚಿಕೆ."

ಇದು ನಡೆದದ್ದು ಕಾಸರಗೋಡಿನ ಮುಸಾಫಿರ್ ಬಂಗಲೆಯಲ್ಲಿ, ಮಳೆಗಾಲಕ್ಕೆ ಸ್ವಲ್ಪ ಮೊದಲು. ನಮ್ಮ ಕಡೆಯ ಕರಿಮೆಣಸು ಖರೀದಿ ಮಾಡುವ ಆ ಕಂಪೆನಿಯಲ್ಲಿ ಹೆಡ್ ಗುಮಾಸ್ತರಿಗೆ ವಯಸ್ಸಾಗಿತ್ತು. ದೊರೆಯ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಬಲ್ಲ ಇನ್ನೊಬ್ಬ ಬೇಕಿತ್ತು. ಬರೆಯಬಲ್ಲವರು ಬೇಕಾದಷ್ಟು ಜನ ಇದ್ದರು. ದೊರೆ ಕರುಣಾಳು, ಮಳೆ ಮುಗಿದ ಮೇಲೆ ತಾನು ಪುನಃ ಬರುವುದಾಗಿಯೂ ಅಷ್ಟರಲ್ಲಿ ಹುಡುಗನಿಗೆ ನಾಲಿಗೆ ಸಿಕ್ಕಿದರೆ ಕರೆತರಬಹುದೆಂದೂ ಹೇಳಿ ಹೋದರು.

ಪುತ್ತೂರಿನಲ್ಲಿ ಬೆಲ್ಲದ ಅಂಗಡಿ ಇರುವ ಸೋದರಮಾವನಿಗೆ ಸುದ್ದಿ ತಲುಪಿತು. "ಮಳೆ ಬಿಟ್ಟ ಮೇಲೂ ನೀನು ಬಾಯಿ ಬಿಡದಿದ್ದರೆ ಸೀದಾ ಅಂಗಡಿಗೆ ಬಾ. ಬೆಲ್ಲಕ್ಕೆ ಇಂಗ್ಲಿಷ್ ಬೇಡ" ಎಂದು ಹೇಳಿಕಳುಹಿಸಿದರು. ನಾನು ರಜೆಯಲ್ಲಿ ಒಮ್ಮೆ ಆ ಅಂಗಡಿಯಲ್ಲಿ ಕೂತಿದ್ದೆ. ಅಲ್ಲಿ ಗಿರಾಕಿಗಳಿಗಿಂತ ಕಣಜದ ಹುಳಗಳು ಹೆಚ್ಚು. ಅವು ಅಕ್ಕನ ಮಗ ಅಂತ ನೋಡುವುದಿಲ್ಲ.

ನಾನು ಎಲ್ಲವನ್ನೂ ಕ್ರಮವಾಗಿ ಮಾಡುವವನು. ದಿನಚರಿಯಲ್ಲಿ ಹೊಸ ಪುಟ ತೆರೆದು, ಬಾಯಿಬಿಟ್ಟು ಆಡಿದ ಇಂಗ್ಲಿಷ್ ವಾಕ್ಯಗಳಿಗೆ ಒಂದೊಂದು ಗೆರೆ ಎಳೆಯುವುದೆಂದು ನಿಶ್ಚಯಿಸಿದೆ. ಮೊದಲ ವಾರ ಪುಟ ಸ್ವಚ್ಛವಾಗಿಯೇ ಉಳಿಯಿತು. ಎರಡನೆಯ ವಾರ ಒಂದು ಗೆರೆ ಬಿತ್ತು, ಅದನ್ನೂ ಹೊಡೆದುಹಾಕಬೇಕಾಯಿತು. ನಿದ್ದೆಯಲ್ಲಿ ಆಡಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಆಗ ಪೆರ್ಲದ ನಿವೃತ್ತ ಪೋಸ್ಟ್‌ಮಾಸ್ಟರು ನನ್ನನ್ನು ಕರೆಸಿದರು. ತಾಳಮದ್ದಳೆಯ ಅರ್ಥಧಾರಿಗಳೆಂದು ಅವರಿಗೆ ನಾಲ್ಕು ಊರಿನಲ್ಲಿ ಹೆಸರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಮದ್ದಳೆ ಬಾರಿಸುತ್ತದೆ, ಚಾಪೆಯ ಮೇಲೆ ಎದುರುಬದುರು ಕೂತವರು ಪುರಾಣದ ಪಾತ್ರಗಳಾಗಿ ವಾದ ಮಾಡುತ್ತಾರೆ. ಮಾತು ಮೊದಲೇ ಬರೆದದ್ದಲ್ಲ. ಎದುರಿನವನು ಕೇಳಿದ್ದಕ್ಕೆ ಉತ್ತರ ಕೊಡದೆ ಕೂತರೆ ಮಾನ ಹೋಯಿತು.

"ಪುಸ್ತಕ ಓದಿದರೆ ಮಾತು ಬರ್ತದಾ ಮಾರಾಯ?" ಎಂದರು ಪೋಸ್ಟ್‌ಮಾಸ್ಟರು. "ಎದುರಿಗೊಬ್ಬ ಕೂತು ಕೆಣಕಬೇಕು. ನಾಳೆಯಿಂದ ನೀನು ರಾಜ, ನಾನು ಸಂಧಾನಕ್ಕೆ ಬಂದ ದೂತ. ಇಂಗ್ಲಿಷಿನಲ್ಲಿ."

ಭಾಗವತರು ಒಪ್ಪಲು ಎರಡು ದಿನ ತೆಗೆದುಕೊಂಡರು. "ದೇವರ ಬಾಯಲ್ಲಿ ಇಂಗ್ಲಿಷ್ ಹಾಕಿದರೆ ನಾನು ತಾಳ ಮುಟ್ಟುವುದಿಲ್ಲ" ಎಂಬುದು ಅವರ ಹಟ. ಕೊನೆಗೆ ಯಾವ ಪುರಾಣಕ್ಕೂ ಸೇರದ, ಹೆಸರಿಲ್ಲದ ಒಬ್ಬ ರಾಜ, ಹೆಸರಿಲ್ಲದ ಒಬ್ಬ ದೂತ ಎಂದು ತೀರ್ಮಾನವಾಯಿತು. ಪದ ಕನ್ನಡದಲ್ಲೇ ಇರುವುದು, ಅರ್ಥ, ಅಂದರೆ ಪದದ ಮೇಲೆ ಆಡುವ ಮಾತು, ಮಾತ್ರ ಇಂಗ್ಲಿಷಿನಲ್ಲಿ.

ಭಾನುವಾರ ಮಧ್ಯಾಹ್ನ ಪೋಸ್ಟ್‌ಮಾಸ್ಟರ ಜಗಲಿಯಲ್ಲಿ ಶುರುವಾಯಿತು. ಅವರ ಇಂಗ್ಲಿಷ್ ಪೂರ್ತಿ ಟೆಲಿಗ್ರಾಮಿನಿಂದ ಬಂದದ್ದು. "ಗಡಿ ದಾಟಿದ್ದೀರಿ. ಕೂಡಲೇ ಹಿಂತಿರುಗಿ. ಇಲ್ಲವಾದರೆ ಯುದ್ಧ. ಉತ್ತರ ಬೇಕು" ಎಂದು ಗುಡುಗಿದರು. ನನ್ನ ಇಂಗ್ಲಿಷ್ ಬಂದದ್ದು ಅರ್ಜಿ ಬರೆಯುವ ಕೈಪಿಡಿಯಿಂದ. "ನಿಮ್ಮ ಅತ್ಯಂತ ವಿಧೇಯ ಸೇವಕನಾದ ನಾನು ನಿಮ್ಮ ತಲೆಯನ್ನು ಕತ್ತರಿಸಲು ಸವಿನಯವಾಗಿ ಅಪ್ಪಣೆ ಕೊಡುತ್ತೇನೆ" ಎಂದೆ. ಮದ್ದಳೆಯ ಪೆಟ್ಟು ಜೋರಾಗಿ ಬಿತ್ತು. ಆ ದಿನ ಹದಿಮೂರು ಗೆರೆ.

ಮಳೆ ಸುರಿಯುತ್ತಿದ್ದ ಹಾಗೆ ಜಗಲಿಯಲ್ಲಿ ಜನವೂ ಸೇರತೊಡಗಿತು. ಯಾರಿಗೂ ಇಂಗ್ಲಿಷ್ ಬಾರದು. ಆದರೆ ತೀರ್ಪು ಕೊಡುವುದರಲ್ಲಿ ಯಾರೂ ಹಿಂದೆ ಬೀಳಲಿಲ್ಲ. "ಇವತ್ತು ರಾಜನದ್ದು ಸ್ವಲ್ಪ ಸಪ್ಪೆ." "ಇಲ್ಲಪ್ಪ, ಆ ಕಡೆಯ ಮಾತಿಗೆ ದೂತನಲ್ಲಿ ಉತ್ತರ ಎಂತ ಇತ್ತು?" ಪ್ರತಿ ವಾರವೂ ಪ್ರಸಂಗ ಮುಗಿಯುವುದು ಒಂದೇ ರೀತಿ: ನಾನು ಎದ್ದುನಿಂತು ಬೆರಳು ತೋರಿಸಿ, "ಸಂಧಾನ ಮುರಿಯಿತು! ಹೊರಡು!" ಎಂದು ಗರ್ಜಿಸುವುದು, ಪೋಸ್ಟ್‌ಮಾಸ್ಟರು ನಿಜವಾಗಿಯೂ ಎದ್ದು ಮಳೆಗೆ ಇಳಿದು ಹೋಗುವುದು. ಅವರು ಯಾವುದನ್ನೂ ಅರ್ಧ ಮಾಡುವವರಲ್ಲ.

ಆಟಿಯ ಮಳೆ ತಿಂಗಳು ಕಳೆಯುವಷ್ಟರಲ್ಲಿ ನಾನು ತಾಸುಗಟ್ಟಲೆ ಇಂಗ್ಲಿಷ್ ಮಾತಾಡುತ್ತಿದ್ದೆ. ಆದರೆ ಚಾಪೆಯಿಂದ ಎದ್ದರೆ ಮುಗಿಯಿತು, ಒಂದು ಶಬ್ದವೂ ಹೊರಡುತ್ತಿರಲಿಲ್ಲ. ಶಿಸ್ತಿಗಾಗಿ ಪುಟವನ್ನು ಎರಡು ಭಾಗ ಮಾಡಿದೆ: ರಾಜನಾಗಿ ಆಡಿದ್ದು, ನಾನಾಗಿ ಆಡಿದ್ದು. ಎಡಗಡೆ ಗೆರೆಗಳು ಪುಟ ದಾಟಿದವು. ಬಲಗಡೆ ಒಂದು ಇರುವೆ ಸತ್ತು ಅಂಟಿಕೊಂಡಿತ್ತು, ಅಷ್ಟೆ.

ಮಳೆ ಬಿಟ್ಟಿತು, ದೊರೆ ಬಂದರು. ಬದಿಯಡ್ಕದವರೆಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಪೋಸ್ಟ್‌ಮಾಸ್ಟರೂ ನನ್ನ ಜೊತೆ ಕಾಸರಗೋಡಿಗೆ ಬಂದು, ಬಂಗಲೆಯ ಹೊರಗೆ ಮಾವಿನ ಮರದ ಬುಡದಲ್ಲಿ ಕೂತರು. ನಾನು ಹೆಗಲಿಗೆ ಶಾಲು ಹೊದ್ದು ಒಳಗೆ ಹೋದೆ.

"ಈ ಸಲ ಹೆಸರು ಹೇಳುತ್ತೀಯಾ?" ಎಂದರು ದೊರೆ.

ನಾನು ಅಭ್ಯಾಸದಂತೆ ಭಾಗವತರ ಪದ ಮುಗಿಯಲಿ ಎಂದು ಕಾಯುತ್ತ ಕೂತೆ. ದೊರೆ ಬೇಸರದಿಂದ ಪೆನ್ಸಿಲಿನಲ್ಲಿ ಮೇಜನ್ನು ಕುಟ್ಟತೊಡಗಿದರು. ಮದ್ದಳೆ ಕೇಳಿದ ಹಾಗಾಯಿತು, ನನಗೆ ಅಷ್ಟೇ ಸಾಕಿತ್ತು. ಬೆನ್ನು ನೆಟ್ಟಗಾಯಿತು, ಶಾಲು ತಾನಾಗಿ ಸರಿಯಾಯಿತು.

"ಹೆಸರು ಕೇಳುವವನು ಮೊದಲು ತನ್ನದನ್ನು ಹೇಳುವುದು ಸಭೆಯ ಕ್ರಮ! ನೀವು ಯಾರು? ಯಾರು ಕಳುಹಿಸಿದ್ದು?"

ಪೆನ್ಸಿಲು ನಿಂತಿತು. ದೊರೆ ತಮ್ಮ ಹೆಸರು ಹೇಳಿ, ಲಂಡನ್ನಿನ ಡೈರೆಕ್ಟರುಗಳು ಕಳುಹಿಸಿದ್ದೆಂದರು.

"ಆ ಡೈರೆಕ್ಟರುಗಳು ಮೆಣಸಿನ ಬಳ್ಳಿಯನ್ನು ಕಣ್ಣಾರೆ ಕಂಡಿದ್ದಾರೆಯೇ?"

"ಇಲ್ಲವೆಂದು ಕಾಣುತ್ತದೆ. ನಾನೂ ಕಂಡದ್ದು ಒಂದೇ ಸಲ."

"ಕಾಣದ ಬಳ್ಳಿಗಾಗಿ ಸಮುದ್ರ ದಾಟಿದಿರಿ! ಮನೆಯಲ್ಲಿ ತಡೆಯುವವರು ಯಾರೂ ಇರಲಿಲ್ಲವೇ?"

"ತಾಯಿ ಬೇಡವೆಂದಿದ್ದರು" ಎಂದರು ದೊರೆ, ಸಣ್ಣ ಧ್ವನಿಯಲ್ಲಿ.

ಹೀಗೇ ಮುಂದುವರಿಯಿತು. ಅವರಿಗೆ ವರ್ಷಕ್ಕೊಮ್ಮೆ ಚಳಿಜ್ವರ ಬರುವುದು, ಅಡುಗೆಯವನು ಪ್ರತಿಯೊಂದಕ್ಕೂ ತೆಂಗಿನಕಾಯಿ ಹಾಕುವುದು, ಎಲ್ಲವೂ ಹೊರಬಂತು. ಆ ಅಡುಗೆಯವನ ತಲೆ ಕತ್ತರಿಸಲು ನಾನು ಸವಿನಯವಾಗಿ ಅಪ್ಪಣೆ ಕೊಟ್ಟೆ. ಹೆಡ್ ಗುಮಾಸ್ತರು ಬಾಗಿಲಿನ ದಾರಂದ ಹಿಡಿದುಕೊಂಡು ನಿಂತಿದ್ದರು. ಕೊನೆಗೆ ದೊರೆ ಗಡಿಯಾರ ನೋಡಿ "ಸರಿ, ಇವತ್ತಿಗೆ ಸಾಕು" ಎಂದರು.

ಇಂಗ್ಲಿಷಿನಲ್ಲಿ ಮಾತು ಮುಗಿಸುವ ಕ್ರಮ ನನಗೆ ಒಂದೇ ಗೊತ್ತಿದ್ದದ್ದು. ಎದ್ದುನಿಂತೆ. ಬೆರಳು ಬಾಗಿಲಿನ ಕಡೆ ಹೋಯಿತು. "ಸಂಧಾನ ಮುರಿಯಿತು! ಹೊರಡು!"

ದೊರೆ ಎದ್ದು ಹೊರಟೇಹೋದರು. ಅವರು ಮೊದಲು ಸೈನ್ಯದಲ್ಲಿದ್ದರು, ಅಪ್ಪಣೆಯ ಧ್ವನಿ ಕೇಳಿದರೆ ಕಾಲು ತಾನೇ ನಡೆಯುತ್ತದೆ ಎಂದು ಹೆಡ್ ಗುಮಾಸ್ತರು ಆಮೇಲೆ ವಿವರಿಸಿದರು. ಆ ಗಳಿಗೆಯಲ್ಲಿ ಅವರು ವಿವರಿಸುವ ಸ್ಥಿತಿಯಲ್ಲಿರಲಿಲ್ಲ.

"ಎಂತ ಮಾಡಿದೆ ಮಾರಾಯ? ಅದು ಅವರ ಕೋಣೆ!" ಎಂದರು ಗುಮಾಸ್ತರು.

"ಗೊತ್ತುಂಟು."

"ಗೊತ್ತಿದ್ದರೆ ಕರಿ ಒಳಗೆ!"

"ನೀವೇ ಕರೀರಿ."

"ನಾನು ಹೊರಗೆ ಹಾಕಿದ್ದಾ? ಯಾರು ಹಾಕಿದ್ದೋ ಅವನೇ ಕರೀಬೇಕು."

ಕಿಟಕಿಯಿಂದ ನೋಡಿದೆ. ದೊರೆ ಟೋಪಿಯಿಲ್ಲದೆ ಜಗಲಿಯ ತುದಿಯಲ್ಲಿ, ಕೈ ಹಿಂದೆ ಕಟ್ಟಿ ನಿಂತಿದ್ದರು. ತಾನು ಯಾಕೆ ಅಲ್ಲಿದ್ದೇನೆಂದು ಅವರಿಗೂ ತಿಳಿದ ಹಾಗಿರಲಿಲ್ಲ. ಇಡೀ ಮಳೆಗಾಲದಲ್ಲಿ ಒಂದು ಸಲವೂ ದೂತನನ್ನು ವಾಪಸು ಕರೆದಿರಲಿಲ್ಲ. ರಾಜನ ಹತ್ತಿರ ಅದಕ್ಕೆ ಮಾತೇ ಇರಲಿಲ್ಲ. ಬೆಲ್ಲದ ಅಂಗಡಿ ಕಣ್ಣಮುಂದೆ ಬಂತು. ಬಾಗಿಲಿಗೆ ಹೋದೆ. ಶಾಲು ಎಲ್ಲೋ ಜಾರಿತ್ತು.

"ಸಾರ್" ಎಂದೆ. ಧ್ವನಿ ಕಾಗೆಮರಿಯದ್ದು. "ಒಳಗೆ ಬನ್ನಿ. ತಪ್ಪಾಯಿತು. ನನಗೆ ಮಾತು ಮುಗಿಸಲು ಬರುವುದಿಲ್ಲ. ನಿಮ್ಮ ಚಹಾ ತಣಿಯುತ್ತದೆ."

ಆಡಿದ ಇಂಗ್ಲಿಷಿನ ಒಂದು ವಾಕ್ಯದಲ್ಲಿ ಕ್ರಿಯಾಪದವೇ ಬಿದ್ದುಹೋಗಿತ್ತು. ದೊರೆ ತಿರುಗಿ ನೋಡಿದರು, ಬಂದರು, ಕೂತರು, ತಣ್ಣಗಿನ ಚಹಾ ಕುಡಿದರು. ಸರಿಯಾಗಿ ಒಣಗದ ಕರಿಮೆಣಸು ತಂದ ವ್ಯಾಪಾರಿಗೆ ಏನು ಹೇಳುತ್ತೀ ಎಂದು ಕೇಳಿದರು. ಎರಡು ದಿನ ಒಣಗಿಸಿ ತರಲು ಹೇಳುತ್ತೇನೆ ಎಂದೆ. ಅವನ ತಲೆ ಕತ್ತರಿಸುವುದಿಲ್ಲವೇ ಎಂದರು. ಇಲ್ಲ ಸಾರ್ ಎಂದೆ. ಸೋಮವಾರದಿಂದ ಬರಲು ಹೇಳಿದರು.

ಮಾವಿನ ಮರದ ಹತ್ತಿರ ಓಡಿದೆ. "ಕೆಲಸ ಸಿಕ್ಕಿತು!"

"ಅದಿರಲಿ" ಎಂದರು ಪೋಸ್ಟ್‌ಮಾಸ್ಟರು. "ವಾದದಲ್ಲಿ ಗೆದ್ದದ್ದು ಯಾರು?"

ಆದದ್ದೆಲ್ಲ ಹೇಳಿದೆ. ದೊರೆ ಎದ್ದುಹೋದ ಭಾಗವನ್ನು ಅವರು ಎರಡು ಸಲ ಹೇಳಿಸಿದರು. ಮುಖ ಅರಳಿತ್ತು. ಒಳಗೆ ಕರೆದದ್ದನ್ನು ಹೇಳಿದ ಕೂಡಲೇ ಎಲೆಯಡಿಕೆ ಉಗುಳಿದರು.

"ಹೊರಗೆ ಹಾಕಿದ ದೂತನನ್ನು ಕರೆದು ಚಹಾ ಕೊಟ್ಟೆಯಾ? ಥೂ! ಗೆದ್ದ ಪ್ರಸಂಗವನ್ನು ಹಾಳು ಮಾಡಿದೆಯಲ್ಲ ಮಾರಾಯ!"

ಬದಿಯಡ್ಕದವರೆಗೆ ಬಸ್ಸಿನಲ್ಲಿ ಅವರು ನನ್ನ ಜೊತೆ ಯಾವ ಭಾಷೆಯಲ್ಲೂ ಮಾತಾಡಲಿಲ್ಲ.