ಪರದೆ ಅಕ್ಕನ ಲಂಗರು ಹಗ್ಗ

ಪರದೆ ಅಕ್ಕ ದೋಣಿ ಮಗುಚಿ ಕೆರೆಗೆ ಬಿದ್ದದ್ದು ಆಗಲೇ ಮೂರು ಸಲ. ಮೂರು ಸಲವೂ ನಗುತ್ತಲೇ ಮೇಲೆ ಬಂದಳು. ಅವಳ ಯಜಮಾನರಿಗೆ ತಡೆಯಲಾಗದೆ ಹೋದದ್ದು ಆ ನಗು. “ಬಿದ್ದವರು ಹೆದರಬೇಕು, ಇಲ್ಲಾ ಅಳಬೇಕು. ಇವಳು ಕಿಲಕಿಲ ಅಂತಾಳಲ್ಲ! ಇವಳಿಗೆ ಏನಂತ ಬುದ್ಧಿ ಹೇಳಲಿ?” ಅಂತ ಅವರು ಪಕ್ಕದ ಬೀದಿಯ ಬೇಕರಿಯವನ ಹತ್ತಿರ ಗೋಳು ತೋಡಿಕೊಂಡರು. ಬೇಕರಿಯವನು ಸಮಾಧಾನ ಹೇಳುವುದು ಬಿಟ್ಟು, “ಹಾಗಾದ್ರೆ ಆ ದೋಣಿ ನನಗೆ ಕೊಟ್ಟುಬಿಡಿ ಅಣ್ಣಾ. ಅಂಗಡಿ ಮುಂದೆ ಇಟ್ಟು ಅದರಲ್ಲಿ ಬನ್ನು ಜೋಡಿಸ್ತೀನಿ” ಅಂದ. ಬನ್ನು! ಈ ಮಾತು ಕಿವಿಗೆ ಬಿದ್ದಾಗ ಅಕ್ಕನಿಗೆ ಎಷ್ಟು ಉರಿಯಿತು ಅಂತ ಹೇಳಬೇಕಾದರೆ ಮೊದಲು ಅಕ್ಕ ಯಾರು ಅಂತ ಹೇಳಬೇಕು.

ಅಕ್ಕನಿಗೆ ಐವತ್ತೇಳು. ಬೀದಿಯ ಕೊನೆಯ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ಪರದೆ ಹೊಲಿಯುತ್ತಿದ್ದಾಳೆ. ಹೊಲಿಯೋದು ಅವಳು, ಏಣಿ ಹತ್ತಿ ಕಿಟಕಿಗೆ ಹಾಕಿ ಬರೋದು ಯಜಮಾನರು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಅದರ ಕೆಳಗೆ ತುಂಡು ಬಟ್ಟೆಯ ಮೂಟೆಗಳು, ಕಿಟಕಿ ಪಕ್ಕ ಹೊಲಿಗೆ ಮಿಷನ್ನು, ನೆಲದ ತುಂಬ ದಾರ. ಊರಿಗೆಲ್ಲ ಪರದೆ ಹೊಲಿದುಕೊಟ್ಟವಳ ಸ್ವಂತ ಕಿಟಕಿಯಿಂದ ಕಾಣುವುದು ಎದುರುಮನೆಯ ಗೋಡೆ, ಆ ಗೋಡೆಯ ಮೇಲೊಂದು ನೀರಿನ ಪೈಪು. ಅಷ್ಟೇ. ಮೂವತ್ತೊಂದು ವರ್ಷ ಅದೇ ಪೈಪನ್ನು ನೋಡಿದರೆ ಯಾರಿಗೆ ತಾನೇ ತಲೆ ಕೆಡುವುದಿಲ್ಲ, ನೀವೇ ಹೇಳಿ!

ಅಕ್ಕನಿಗೊಂದು ಅಭ್ಯಾಸ. ಕಿಟಕಿ ಎಷ್ಟೇ ಚಿಕ್ಕದಿರಲಿ, ಅದಕ್ಕೆ ಎರಡು ಪರದೆ ಹೊಲಿಯುತ್ತಾಳೆ. ಒಂಟಿ ಪರದೆ ಹಾಕಿದ ಕಿಟಕಿ ಒಂದು ಕಣ್ಣು ಮುಚ್ಚಿದ ಹಾಗೆ ಕಾಣುತ್ತದಂತೆ ಅವಳಿಗೆ. ಯಜಮಾನರಿಗೂ ಒಂದು ಹಠ. ತಾವು ಹಾಕಿದ್ದನ್ನು ತಾವು ಬಿಚ್ಚುವುದಿಲ್ಲ. ಮನೆ ಖಾಲಿ ಮಾಡುವವರು ಬಂದು ಪರದೆಯ ಪಟ್ಟಿ ಬಿಚ್ಚಿಕೊಡಿ ಅಂತ ಎಷ್ಟು ಗೋಗರೆದರೂ, “ಹಾಕೋಕೆ ಕರೀರಿ, ಓಡಿ ಬರ್ತೀನಿ. ಬಿಚ್ಚೋಕೆ ಬೇರೆಯವರನ್ನ ನೋಡ್ಕೊಳ್ಳಿ” ಅಂತ ಮುಖ ತಿರುಗಿಸುತ್ತಾರೆ. ಕಿವಿಯ ಮೇಲೆ ಪೆನ್ಸಿಲ್ಲು, ಜೇಬಿನಲ್ಲಿ ಸ್ಕ್ರೂಡ್ರೈವರು, ಬಾಯಲ್ಲಿ ಈ ಮಾತು. ಬೀದಿಯವರಿಗೆಲ್ಲ ಇದು ಗೊತ್ತು.

ಹಾಗೆ ಮನೆ ಖಾಲಿ ಮಾಡಿದವರೊಬ್ಬರು ಒಯ್ಯಲು ಜಾಗ ಸಾಲದೆ ಒಂದು ಕಯಾಕನ್ನು ಅಕ್ಕನಿಗೇ ಬಿಟ್ಟು ಹೋದರು. ಒಬ್ಬರೇ ಕೂರುವಂಥ, ನೀಳವಾದ, ಹಳದಿ ಪ್ಲಾಸ್ಟಿಕ್ಕಿನ ದೋಣಿ. ಅಕ್ಕ ಮೊದಲು ಅಂಗಡಿಯ ಹಿಂದಿನ ಅಂಗಳದಲ್ಲೇ ಅದರೊಳಗೆ ಕೂತು, ಹುಟ್ಟು ಹಿಡಿದು, ಗಾಳಿಯಲ್ಲೇ ನಾಲ್ಕು ಸಲ ಎಳೆದಳು. ಆಮೇಲೆ ಒಬ್ಬಳೇ ಎಷ್ಟು ನಕ್ಕಳೆಂದರೆ ಎದ್ದು ಬರಲಾಗದೆ ಯಜಮಾನರೇ ಕೈ ಹಿಡಿದು ಎಬ್ಬಿಸಬೇಕಾಯಿತು. ಮುಂದಿನ ಭಾನುವಾರ ದೋಣಿ ಕೆರೆಗಿಳಿಯಿತು. ಸುತ್ತ ನೀರು, ಮೇಲೆ ಆಕಾಶ, ಗೋಡೆಯಿಲ್ಲ, ಪೈಪಿಲ್ಲ. ಅಯ್ಯೋ, ಆ ದಿನ ಅಕ್ಕನ ಖುಷಿ ನೋಡಬೇಕಿತ್ತು! ಮನೆಗೆ ಬಂದು ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳು.

ಖುಷಿಯ ಬೆನ್ನಿಗೇ ಗಾಳ ಬಂತು. ಗಾಳ ಹಾಕಬೇಕಾದರೆ ದೋಣಿ ಒಂದು ಕಡೆ ನಿಲ್ಲಬೇಕಲ್ಲ, ಅದಕ್ಕೊಂದು ಪುಟ್ಟ ಲಂಗರೂ ಬಂತು. ಅಕ್ಕ ಲಂಗರಿನ ಹಗ್ಗವನ್ನು ಕೈಗೆ ಸಿಗುವ ಹಾಗೆ ತಾನು ಕೂತ ಜಾಗದ ಪಕ್ಕದಲ್ಲೇ ಕಟ್ಟಿದಳು. ತಪ್ಪಾದದ್ದು ಅಲ್ಲೇ. ಮಧ್ಯದಲ್ಲಿ ಕಟ್ಟಿಹಾಕಿದ ದೋಣಿ ಗಾಳಿಗೆ ಅಡ್ಡ ತಿರುಗಿ ನಿಲ್ಲುತ್ತದೆ. ಗಾಳಿ ಪಕ್ಕೆಗೆ ಒದೆಯುತ್ತದೆ, ಹಗ್ಗ ಕೆಳಗೆ ಜಗ್ಗುತ್ತದೆ, ದೋಣಿ ಒಂದೇ ಏಟಿಗೆ ದಬಕ್! ಹೀಗೆ ಒಂದಾಯಿತು, ಎರಡಾಯಿತು. ಮೂರನೆಯದು ಕೆರೆಯ ನಡುವೆ.

ಯಜಮಾನರಿಗೆ ಈಜು ಬಾರದು, ನೀರು ಕಂಡರೇ ಆಗದು. ಆದರೂ ಪ್ರತಿ ಭಾನುವಾರ ಬಂದು ದಡದಲ್ಲಿ ನಿಲ್ಲುತ್ತಿದ್ದರು. ಕೂರುತ್ತಿರಲಿಲ್ಲ, ನಿಲ್ಲುತ್ತಿದ್ದರು. ದೋಣಿ ದೂರ ಹೋದಷ್ಟೂ ಹೆಂಡತಿಯ ಬೆನ್ನು ಮಾತ್ರ ಕಾಣುತ್ತಿತ್ತು. ಐದು ನಿಮಿಷಕ್ಕೊಮ್ಮೆ “ಮುಖ ತೋರಿಸೇ!” ಅಂತ ಕೂಗುತ್ತಿದ್ದರು. ಅಕ್ಕ ಕತ್ತು ತಿರುಗಿಸಿದರೆ ದೋಣಿ ಅಲ್ಲಾಡುತ್ತಿತ್ತು, ತಿರುಗಿಸದಿದ್ದರೆ ಇವರ ಜೀವ ಅಲ್ಲಾಡುತ್ತಿತ್ತು. ಮೂರನೆಯ ಸಲ ಬಿದ್ದಾಗ ಅವರಿಗೆ ಕಂಡದ್ದು ಮಗುಚಿದ ಹಳದಿ ದೋಣಿ ಮತ್ತು ತೇಲುತ್ತಿದ್ದ ಅವಳ ಟೋಪಿ, ಅಷ್ಟೇ. ಲೈಫ್ ಜಾಕೆಟ್ಟಿನ ಪುಣ್ಯದಿಂದ ಅವಳ ತಲೆ ಮೇಲೆ ಬರಲು ಹಿಡಿದದ್ದು ಮೂರು ಉಸಿರು. ಅಷ್ಟರಲ್ಲಿ ಅವರು ಅರ್ಧ ಸತ್ತಿದ್ದರು.

ಆ ದಿನ ಊಟಕ್ಕೆ ಕೂತ ಯಜಮಾನರು ತಟ್ಟೆ ಮುಟ್ಟಲಿಲ್ಲ. “ನೋಡು, ನಿನ್ನ ಸಂತೋಷಕ್ಕೆ ನಾನು ಅಡ್ಡ ಬರೋನಲ್ಲ. ಆದ್ರೆ ನೀನು ಮುಳುಗಿದ್ರೆ ನಾನು ದಡದಲ್ಲಿ ನಿಂತು ಏನು ಮಾಡ್ಲಿ? ಬಾಯಿ ಬಡ್ಕೊಳ್ಲಾ?” ಅಂದರು. ಅಕ್ಕನ ನಗು ನಿಂತಿತು. “ಇನ್ನೊಂದೇ ಒಂದು ಸಲ ಬಿದ್ರೆ ದೋಣಿ ಬೇಕರಿಯವನಿಗೆ. ಒಪ್ಕೊಂಡ್ಯಾ?”

“ಒಪ್ಕೊಂಡೆ ಕಣ್ರೀ” ಅಂದಳು ಅಕ್ಕ. ಅವಳದು ಒಂದೇ ಮಾತು. ಅಂದುಬಿಟ್ಟ ಮೇಲೆ ಆ ದೋಣಿಯಲ್ಲಿ ಬನ್ನು ಕೂರುವುದನ್ನು ನೆನೆದರೆ ತುತ್ತು ಇಳಿಯಲಿಲ್ಲ.

ಉಪಾಯ ಹೊಳೆದದ್ದು ಬುಧವಾರ, ಅಂಗಡಿಯಲ್ಲಿ. ಹೊಲಿದು ಮುಗಿಸಿದ ಪರದೆಯನ್ನು ಪರೀಕ್ಷೆಗೆ ಗೋಡೆಯ ಪಟ್ಟಿಗೆ ಸಿಕ್ಕಿಸಿ, ಪಕ್ಕದ ದಾರ ಎಳೆದಳು. ದಾರ ಆ ತುದಿಯ ರಾಟೆ ಸುತ್ತಿ, ಈ ತುದಿಯ ರಾಟೆ ಸುತ್ತಿ, ನಿಂತಲ್ಲಿಂದಲೇ ಪರದೆಯನ್ನು ಸರ್ರನೆ ಎಳೆದುಕೊಂಡು ಹೋಯಿತು. ಅಕ್ಕನ ಕೈ ಹಾಗೇ ನಿಂತಿತು. ಲಂಗರಿನ ಹಗ್ಗವೂ ಹೀಗೇ ಹೋಗಲಿ! ಕೂತಲ್ಲಿಂದಲೇ ದಾರ ಎಳೆದರೆ ಹಗ್ಗ ದೋಣಿಯ ಮೂತಿಗೆ ಹೋಗಲಿ, ಮೂತಿ ಗಾಳಿಗೆ ಎದುರಾಗಿ ನಿಲ್ಲಲಿ, ಗಾಳಿ ಇಬ್ಭಾಗವಾಗಿ ಹೋಗಲಿ! ಕುಣಿಯುವುದೊಂದು ಬಾಕಿ. ಆಮೇಲೆ ಅದನ್ನೂ ಬಾಕಿ ಉಳಿಸಲಿಲ್ಲ, ಮೇಜಿನ ಸುತ್ತ ಎರಡು ಸುತ್ತು ಕುಣಿದೇಬಿಟ್ಟಳು.

ಯಜಮಾನರು ಕೆಲಸಕ್ಕೆ ಹೋದ ಹೊತ್ತು ನೋಡಿ ಅವರ ಡ್ರಿಲ್ಲನ್ನು ಅಂಗಳಕ್ಕೆ ಒಯ್ದಳು. ಗಟ್ಟಿಮುಟ್ಟಾದ ದೋಣಿಗೆ ತಾನಾಗಿ ತೂತು ಕೊರೆಯೋದು ಅಂದರೆ ಸಾಮಾನ್ಯವೇ? ಕಣ್ಣು ಮುಚ್ಚಿ ಮೊದಲ ತೂತು ಕೊರೆದಳು. ಆಮೇಲೆ ನಾಚಿಕೆಯಾಗಿ ಕಣ್ಣು ತೆರೆದು ಉಳಿದ ಮೂರು. ಮೂತಿಯ ಹತ್ತಿರ ಒಂದು ರಾಟೆ, ಹಿಂದಿನ ತುದಿಗೆ ಇನ್ನೊಂದು. ಸ್ಕ್ರೂವಿನ ಬುಡಕ್ಕೆಲ್ಲ ನೀರು ಹೋಗದ ಹಾಗೆ ಅಂಟು ಮೆತ್ತಿದಳು. ಎರಡು ರಾಟೆಗಳ ನಡುವೆ ದಾರವನ್ನು ಸುತ್ತು ಬರಿಸಿ, ಲಂಗರಿನ ಹಗ್ಗ ತೂರಿಸಲು ಉಂಗುರ ಕಟ್ಟಿದಳು. ಒಂದಲ್ಲ, ಎರಡು. ಮೇಲಿನ ಎಳೆಗೊಂದು, ಕೆಳಗಿನ ಎಳೆಗೊಂದು. ಮೂವತ್ತೊಂದು ವರ್ಷ ಜೋಡಿ ಪರದೆ ಹೊಲಿದ ಕೈ ಅದು, ಒಂದಕ್ಕೇ ನಿಲ್ಲುವುದು ಹೇಗೆ?

ಭಾನುವಾರ ಪರೀಕ್ಷೆ. “ನನ್ನ ಎದೆಮಟ್ಟಕ್ಕಿಂತ ಆಳಕ್ಕೆ ಹೋಗಕೂಡದು” ಅಂತ ಯಜಮಾನರು ಕಟ್ಟಪ್ಪಣೆ ಮಾಡಿದರು. ಆ ಕೆರೆಯ ಬೆಳಗಿನ ಗಾಳಿ ಆಚೆ ದಡದಿಂದ ಈಚೆಗೆ ಬೀಸುತ್ತದೆ. ಅಕ್ಕ ಇಪ್ಪತ್ತು ಮಾರು ಹೋಗಿ, ಒಟ್ಟಿಗಿದ್ದ ಎರಡೂ ಉಂಗುರಗಳೊಳಗೆ ಹಗ್ಗ ತೂರಿಸಿ, ಲಂಗರು ಬಿಟ್ಟು, ಗರ್ವದಿಂದ ದಾರ ಎಳೆದಳು. ಒಂದು ಉಂಗುರ ಮೂತಿಗೆ ಹೋಗುತ್ತೇನೆ ಅಂದಿತು, ಇನ್ನೊಂದು ಹಿಂದಕ್ಕೆ ಹೋಗುತ್ತೇನೆ ಅಂದಿತು. ಬಿಗಿದ ಹಗ್ಗ ಎರಡನ್ನೂ ಬಿಡಲಿಲ್ಲ. ಎಲ್ಲ ಮಧ್ಯದಲ್ಲೇ ಸಿಕ್ಕಿಕೊಂಡಿತು. ದೋಣಿ ಅಡ್ಡ ತಿರುಗಿತು. ಅಕ್ಕ ಬಲವಾಗಿ ಜಗ್ಗಿದಳು.

ದಬಕ್!

ಮೇಲೆ ಬಂದವಳು ಈ ಸಲ ನಗಲಿಲ್ಲ. ಕತ್ತಿನವರೆಗಿನ ನೀರಿನಲ್ಲಿ, ದಾರ ಕಟ್ಟಿದ ಪಕ್ಕೆ ಮೇಲಾಗಿ ಅಡ್ಡಬಿದ್ದ ದೋಣಿ ಹಿಡಿದು ನಿಂತಳು. ಹೋಯಿತು, ಬನ್ನಿನ ಪಾಲಾಯಿತು ಅಂದುಕೊಂಡಳು. ಕಣ್ಣಲ್ಲಿ ನೀರು ಬಂತು. ಲಂಗರು ತಳ ಕಚ್ಚಿತ್ತು, ದೋಣಿ ದಡಕ್ಕೂ ಬರುತ್ತಿರಲಿಲ್ಲ.

ಆಗ ದಡದಿಂದ ಒಂದು ಕೂಗು. ಹೆದರಿಕೆಯ ಕೂಗಲ್ಲ, ಸಿಟ್ಟಿನದು. “ಏನೇ ಅದು? ಜೋಡಿ ಪರದೆ ಹಾಕಿದ್ದೀಯಲ್ಲೇ! ಎರಡು ಉಂಗುರ ಯಾಕೆ? ದಾರ ನೋಡು, ಬಟ್ಟೆ ಒಣಗಿಸೋ ಹಗ್ಗದ ಥರ ಜೋಲಾಡ್ತಿದೆ! ನಮ್ಮ ಅಂಗಡಿ ಮರ್ಯಾದೆ ಏನಾಗ್ಬೇಕು?”

ಬೈಯುತ್ತಲೇ ಚಪ್ಪಲಿ ಬಿಟ್ಟರು. ಬೈಯುತ್ತಲೇ ನೀರಿಗೆ ಕಾಲಿಟ್ಟರು. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು, ಬೈಗುಳ ನಿಲ್ಲಲಿಲ್ಲ. ಎದೆಮಟ್ಟ ನೀರಿಗೆ ಬಂದು, ದೋಣಿಯನ್ನು ಮಗುಚಿ ನೆಟ್ಟಗೆ ಮಾಡಿ, “ಹಿಡ್ಕೋ, ಅಲ್ಲಾಡಿಸ್ಬೇಡ” ಅಂದರು. ಮೇಲಿನ ಉಂಗುರವನ್ನು ಕಿತ್ತು ಜೇಬಿಗೆ ಹಾಕಿದರು. ದಾರ ಬಿಗಿದು ಗಂಟು ಹೊಸದಾಗಿ ಹಾಕಿದರು. ಸ್ಕ್ರೂಗಳನ್ನೆಲ್ಲ ಒಂದೊಂದು ಸುತ್ತು ಬಿಗಿದರು. “ಈಗ ಎಳಿ.”

ಅಕ್ಕ ಎಳೆದಳು. ಉಂಗುರ ಸರ್ರನೆ ಮೂತಿಗೆ ಓಡಿತು. ದೋಣಿ ತಿರುಗಿ, ಗಾಳಿಗೆ ಮುಖ ಕೊಟ್ಟು, ತುಟಿಪಿಟಕ್ಕೆನ್ನದೆ ನಿಂತಿತು.

“ಹಾಂ! ಕೆಲಸ ಅಂದ್ರೆ ಇದು” ಅಂದರು ಯಜಮಾನರು. ಆಮೇಲೆ ಕೆಳಗೆ ನೋಡಿದರು. ಕಿವಿಯ ಮೇಲಿನ ಪೆನ್ಸಿಲ್ಲು ಅಲ್ಲೇ ಇತ್ತು. ಮುಖದ ಬಣ್ಣ ಮಾತ್ರ ಹೋಯಿತು. “ಲೇ... ನಾನು ನೀರಲ್ಲಿದ್ದೀನಿ ಕಣೇ.”

“ಹೌದು ಕಣ್ರೀ.”

“ಕೈ ಹಿಡ್ಕೋ.”

ಹಿಡಿದುಕೊಂಡಳು. ಇಬ್ಬರಲ್ಲಿ ಯಾರು ಮೊದಲು ನಕ್ಕರೋ ಗೊತ್ತಿಲ್ಲ. ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡರು, ಎರಡು ಗುಟುಕು ಕೆರೆ ನೀರನ್ನೂ ಕುಡಿದರು.

ಸಂಜೆ ಸುದ್ದಿ ತಿಳಿದು ಬೇಕರಿಯವನು ವ್ಯಾನು ತಂದ. ಅಕ್ಕನ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಇಷ್ಟಾಯಿತು. ಆದರೂ ಅವಳೇ ಮುಂದೆ ಬಂದು, “ಬಿದ್ದೆ ಕಣಪ್ಪ. ಮಾತು ಕೊಟ್ಟಿದ್ದೆ. ತಗೊಂಡು ಹೋಗು” ಅಂದಳು. ಬೇಕರಿಯವನು ದೋಣಿಯನ್ನು ಒಂದು ಸುತ್ತು ನೋಡಿ, “ಈ ದಾರ, ರಾಟೆ ಎಲ್ಲ ನನಗೆ ಬೇಡ. ಬನ್ನಿಗೆ ಅಡ್ಡ ಬರುತ್ತೆ. ಬಿಚ್ಚಿಕೊಡಿ ಅಣ್ಣಾ” ಅಂದ.

ಯಜಮಾನರು ತಲೆ ಒರೆಸುತ್ತಿದ್ದ ಟವೆಲ್ಲನ್ನು ಕೆಳಗಿಳಿಸಿದರು. “ಏನಂದೆ?”

“ಬಿಚ್ಚಿಕೊಡಿ ಅಂದೆ.”

“ನಾನು ಹಾಕಿದ್ದನ್ನ ನಾನು ಬಿಚ್ಚಲ್ಲ. ಬೀದಿಗೆಲ್ಲ ಗೊತ್ತಿರೋ ವಿಷಯ.”

“ಆಯ್ತು ಬಿಡಿ, ನಾನೇ ಬಿಚ್ಕೋತೀನಿ.”

“ಕೈ ಹಚ್ಚಿ ನೋಡು!” ಅಂದರು ಯಜಮಾನರು. ಬೇಕರಿಯವನು ಕೈ ಹಚ್ಚಲಿಲ್ಲ. ಖಾಲಿ ವ್ಯಾನು ಹಿಂದಕ್ಕೆ ಹೋಯಿತು. ಅಕ್ಕ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಮೇಜಿನ ಸುತ್ತ ಎಷ್ಟು ಸುತ್ತು ಕುಣಿದಳೋ ಲೆಕ್ಕವಿಲ್ಲ.

ಮುಂದಿನ ಭಾನುವಾರ ಅಕ್ಕ ಕೆರೆಯ ನಡುವೆ ಇದ್ದಳು. ಉಂಗುರ ಮೂತಿಯಲ್ಲಿ, ಮೂತಿ ಗಾಳಿಗೆ, ಗಾಳ ನೀರಿಗೆ, ಬೆನ್ನು ದಡಕ್ಕೆ. ಯಜಮಾನರು ಎಂದಿನಂತೆ ನಿಂತಿದ್ದರು. ಐದು ನಿಮಿಷ ತಡೆದರು. ಆಮೇಲೆ ತಡೆಯಲಾಗದೆ ಕೂಗಿದರು, “ಮುಖ ತೋರಿಸೇ!”

ಅಕ್ಕ ಕತ್ತು ತಿರುಗಿಸಲಿಲ್ಲ. ದಾರವನ್ನು ಹಿಂದಕ್ಕೆ ಎಳೆದಳು. ಉಂಗುರ ಮೂತಿ ಬಿಟ್ಟು ಹಿಂದಿನ ತುದಿಗೆ ಬಂತು. ದೋಣಿ ನಿಧಾನವಾಗಿ, ಒಂದು ಚೂರೂ ವಾಲದೆ, ಅರ್ಧ ಸುತ್ತು ತಿರುಗಿತು. ಟೋಪಿಯ ಕೆಳಗೆ ಅವಳ ಮುಖ, ಮುಖದ ತುಂಬ ನಗು, ನೇರವಾಗಿ ಇವರ ಕಡೆಗೆ. ಅವಳು ಕೈ ಬೀಸಿದಳು.

ಯಜಮಾನರೂ ಕೈ ಎತ್ತಿ ಬೀಸಿದರು. ಆಮೇಲೆ ಹೆಗಲ ಮೇಲಿದ್ದ ಟವೆಲ್ಲು ತೆಗೆದು, ದಡದ ಹುಲ್ಲಿನ ಮೇಲೆ ಹಾಸಿ, ಮೊದಲ ಸಲ ಕೂತುಕೊಂಡರು.