ಚಪ್ಪಲಿ ನೋಡಿ ಲೈಸೆನ್ಸ್ ಕೇಳಿದವನು

ಮಲೇಷ್ಯಾದ ಪುಚೊಂಗಿನಲ್ಲಿರುವ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಗಂಗಾಧರನಷ್ಟು ದೇಶ ಸುತ್ತಿದವರಿಲ್ಲ. ಮೈಸೂರಿನವನು. ಕಂಪ್ಯೂಟರ್ ಕೆಲಸಕ್ಕೆಂದು ಲಂಡನ್, ಜರ್ಮನಿ, ಜಪಾನ್ ಎಲ್ಲ ನೋಡಿ ಬಂದು ಇಲ್ಲಿ ನೆಲೆಯೂರಿದ. ಅಷ್ಟು ಊರುಗಳಿಂದ ಅವನು ಹೊತ್ತು ತಂದ ತಿಳಿವಳಿಕೆ ಒಂದೇ: ಟಿವಿ ನೋಡುವವರಿಂದ ದುಡ್ಡು ವಸೂಲು ಮಾಡುವುದು ಹೇಗೆ.

ಮಹಡಿಯ ಮೇಲೆ ಡಿಶ್ ಹಾಕಿಸಿ ಕನ್ನಡದ ಮನೆಗಳಿಗೆ ವೈರು ಎಳೆಸಿದವನು ಅವನೇ. ಒಳ್ಳೆಯ ಕೆಲಸ, ಇಲ್ಲವೆನ್ನುವುದಿಲ್ಲ. ಖರ್ಚನ್ನು ಎಲ್ಲರೂ ಹಂಚಿಕೊಂಡೆವು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನು ತಿಂಗಳು ತಿಂಗಳೂ ಬಾಗಿಲು ತಟ್ಟಿ "ಲೈಸೆನ್ಸ್ ಫೀ" ಎಂದು ನಿಲ್ಲತೊಡಗಿದ. ಈ ದೇಶದ ಸರ್ಕಾರವೇ ಟಿವಿ ಲೈಸೆನ್ಸನ್ನು ಕೈಬಿಟ್ಟು ಎಷ್ಟೋ ವರ್ಷವಾಯಿತು. ಸರ್ಕಾರಕ್ಕೆ ಸಾಕಾದದ್ದು ಗಂಗಾಧರನಿಗೆ ಸಾಕಾಗಲಿಲ್ಲ.

"ಲಂಡನ್ನಲ್ಲಿ ಕದ್ದು ನೋಡೋರನ್ನ ಮನೆಗೇ ಬಂದು ಹಿಡೀತಾರಮ್ಮ" ಎನ್ನುತ್ತಿದ್ದ. ಇಲ್ಲಿ ಹಿಡಿಯಲು ಅವನು ಕಂಡುಕೊಂಡ ದಾರಿ ಚಪ್ಪಲಿ. ನಾವು ಚಪ್ಪಲಿಯನ್ನು ಬಾಗಿಲ ಹೊರಗೇ ಬಿಡುವವರಲ್ಲವೇ? ಧಾರಾವಾಹಿಯ ಹೊತ್ತಿಗೆ ಕೈ ಹಿಂದೆ ಕಟ್ಟಿಕೊಂಡು ಕಾರಿಡಾರಿನಲ್ಲಿ ತಿರುಗುತ್ತ, ಯಾರ ಬಾಗಿಲಲ್ಲಿ ಫೀಸು ಕೊಡದ ಯಾರ ಚಪ್ಪಲಿ ಇದೆಯೆಂದು ನೋಡುತ್ತಿದ್ದ. ಅಷ್ಟು ಓದಿದ ಮನುಷ್ಯನ ಕಣ್ಣು ಹೆಂಗಸರ ಚಪ್ಪಲಿಯ ಮೇಲೆ.

ನನ್ನ ಬಾಗಿಲಲ್ಲಿ ಚಂಪಾಳ ಚಪ್ಪಲಿ ಇರುತ್ತಿತ್ತು. ಚಂಪಾ ಕೆಳಗಿನ ಮಹಡಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಮೊಮ್ಮಕ್ಕಳು ಇಂಗ್ಲಿಷ್ ಬಿಟ್ಟು ಬಾಯಿ ತೆರೆಯವು. ಸೊಸೆಗೆ ಕನ್ನಡದ ಚಾನೆಲ್ ಬೇಡ, ಹಾಗಾಗಿ ವೈರೂ ಇಲ್ಲ. ಮಧ್ಯಾಹ್ನ ನನ್ನ ಪಕ್ಕ ಕೂತು ಒಂದಷ್ಟು ಹೊತ್ತು ಕನ್ನಡ ಕೇಳಿದರೆ ಅವಳಿಗೆ ಆ ದಿನ ದಿನವಾಗುತ್ತಿತ್ತು.

ಒಂದು ದಿನ ಗಂಗಾಧರ ಒಳಗೇ ಬಂದ.

"ಚಂಪಮ್ಮ, ನಿಮ್ಮನೆ ಫೀಸ್ ಬಂದಿಲ್ಲ."

"ನಮ್ಮನೇಲಿ ನಿಮ್ಮ ವೈರೇ ಇಲ್ವಲ್ಲಪ್ಪ."

"ಜರ್ಮನೀಲಿ ಟಿವಿ ಇಲ್ದಿರೋ ಮನೆಯೋರೂ ಕೊಡ್ಬೇಕು. ರೂಲ್ ಅಂದ್ರೆ ರೂಲ್ ಲಾ" ಎಂದು ಇಲ್ಲಿಯವರ ಹಾಗೆ ಮಾತಿನ ಕೊನೆಗೆ "ಲಾ" ಅಂಟಿಸಿದ.

"ಚಪ್ಪಲಿ ನೋಡೋದನ್ನೂ ಜರ್ಮನಿಯೋರೇ ಹೇಳ್ಕೊಟ್ರೇನಪ್ಪ?" ಎಂದೆ.

ಚಂಪಾ ನಗಲಿಲ್ಲ. "ಸೊಸೆ ಹತ್ರ ಮಾತ್ರ ಕೇಳ್ಬೇಡಿ" ಎಂದಳು. ಸಂಜೆ ಅವನು ಸೊಸೆಯನ್ನೇ ಕೇಳಿದ.

ಮರುದಿನ ಚಂಪಾ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನೇ ಇಳಿದು ಹೋದೆ. "ನನ್ನಿಂದ ಸೊಸೆಗ್ಯಾಕೆ ಮಾತು, ಬಿಡಿ ಅಕ್ಕ" ಎಂದು ಚಂಪಾ ಸೊಪ್ಪು ಸೋಸುತ್ತ ತಲೆ ತಗ್ಗಿಸಿದಳು. ವಾಪಸು ಬಂದರೆ ಗಂಗಾಧರ ನನ್ನ ಬಾಗಿಲ ಮುಂದಿನ ಬರಿ ನೆಲ ನೋಡಿ ಸಂತೋಷಪಡುತ್ತಿದ್ದ.

"ನೋಡಿದ್ರಾ, ಡಿಸಿಪ್ಲಿನ್ ಬಂತು."

"ಬಂತಪ್ಪ. ಒಳಗೆ ಬಾ, ನಿನ್ನ ವೈರು ಕಿತ್ಕೊಂಡು ಹೋಗು."

"ಆಮೇಲೆ ಏನು ನೋಡ್ತೀರಮ್ಮ?"

"ನಿನ್ನ ನೋಡೋದು ತಪ್ಪುತ್ತಲ್ಲ, ಸಾಕು."

ಚಂಪಾಳನ್ನು ಎದುರಿನ ಮಾಮಾಕ್‌ಗೆ, ಅಂದರೆ ತಮಿಳು ಮುಸಲ್ಮಾನರ ಚಹಾ ಅಂಗಡಿಗೆ, ಎಳೆದುಕೊಂಡು ಹೋದೆ. ಅಲ್ಲಿ ಗೋಡೆಗೆ ದೊಡ್ಡ ಟಿವಿ ಇದೆ. ಒಂದು ಲೋಟ ಚಹಾ ತರಿಸಿದರೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು, ಯಾರ ಸೊಸೆಯನ್ನೂ ಯಾರೂ ಕೇಳುವುದಿಲ್ಲ. ಬರುವುದು ತಮಿಳು ಧಾರಾವಾಹಿ. ಅರ್ಧ ಅರ್ಥವಾಗುತ್ತದೆ, ಉಳಿದದ್ದನ್ನು ಚಂಪಾ ಕನ್ನಡದಲ್ಲಿ ತಾನೇ ಕಟ್ಟುತ್ತಾಳೆ. ಅತ್ತೆಯರ ಬಾಯಲ್ಲಿ ಅವಳು ಇಡುವ ಮಾತುಗಳನ್ನು ಬರೆಯುವ ಹಾಗಿಲ್ಲ. ಈಗ ದಿನವೂ ಹೋಗುತ್ತೇವೆ.

ಫುಟ್‌ಬಾಲ್ ಇದ್ದ ದಿನ ಗಂಗಾಧರನೂ ಅಲ್ಲಿಗೇ ಬರುತ್ತಾನೆ. ಚಹಾ ತರಿಸುವುದಿಲ್ಲ, ಮನೆಯಿಂದ ನೀರಿನ ಬಾಟಲಿ ತಂದಿರುತ್ತಾನೆ. ಮೊನ್ನೆ ನಮ್ಮ ಬೆನ್ನ ಹಿಂದಿನಿಂದ, "ಸ್ವಲ್ಪ ಸರ್ಕೊಳ್ಳಿ ಚಂಪಮ್ಮ, ಟಿವಿ ಕಾಣ್ತಿಲ್ಲ" ಎಂದ.

ಚಂಪಾ ತಿರುಗಿ ಅವನ ಖಾಲಿ ಮೇಜನ್ನು ನೋಡಿದಳು. ಕುರ್ಚಿ ಸರಿಸಿದಳು, ಇನ್ನಷ್ಟು ಅಡ್ಡಕ್ಕೆ.